ಗಿರಿಜಾ ‘ಇಲ್ಲ’ ಅನ್ನಲು ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಭಾನುವಾರ ನಮ್ಮ ಮನೆಯಲ್ಲಿ ತಿಂಡಿಗೆ ಮಂಡಾಳು (ಮಂಡಕ್ಕಿ) ಒಗ್ಗರಣೆ ಇತ್ತು ಎಂದು ನನ್ನ ನೆನಪು. ಅಲ್ಲ, ಉಪ್ಪಿಟ್ಟು ಅನ್ನುತ್ತಾನೆ ನಮ್ಮಣ್ಣ. (ಯಾರ ನೆನಪು ಗಟ್ಟಿ? ಸೋತವನದ್ದೋ, ನೋಡಿ ನಕ್ಕವಳದ್ದೋ?) ಒಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ. ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವ, ಯಾರೆದುರೂ ದನಿ ತಗ್ಗಿಸದ ಅಣ್ಣ ಅಂದು ಹೊಸಪೇಟೆಯ ನನ್ನ ಹಾಲ್‌ನಲ್ಲಿ ಕೂತು, ಸ್ವಂತ ಮಗಳ ಜೊತೆ ವಾದ ಮಾಡಿ ಸೋತ.

ಮಗಳು ಗಿರಿಜಾ. ಬಿಎಸ್ಸಿ ನರ್ಸಿಂಗ್ ಮುಗಿಸಿ, ನಮ್ಮ ಮನೆಯಲ್ಲೇ ಇದ್ದುಕೊಂಡು ಇಲ್ಲಿಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದಳು. ಜರ್ಮನಿಗೆ ಹೋಗುವ ಆಸೆ. ಅಲ್ಲಿ ನರ್ಸ್ ಆಗಲು ಮೊದಲು ಅವರ ಭಾಷೆಯಲ್ಲಿ ಪಾಸಾಗಬೇಕು. ಆಮೇಲೆ ನಮ್ಮ ಡಿಗ್ರಿಯನ್ನು ಅವರು ತೂಗಿ ನೋಡಿ, ಕಡಿಮೆ ಬಿದ್ದದ್ದನ್ನು ಅಲ್ಲೇ ಕಲಿಸಿ, ಪರೀಕ್ಷೆ ಮಾಡಿ ಲೈಸೆನ್ಸ್ ಕೊಡುತ್ತಾರೆ.

ಹುಡುಗಿ ಆನ್‌ಲೈನ್ ಕ್ಲಾಸ್ ಸೇರಿದಳು. ವೀಕ್ಲಿ ಆಫ್ ಬಂದರೆ ಹಂಪಿಗೆ ಹೋಗಿ ಜರ್ಮನ್ ಪ್ರವಾಸಿಗರನ್ನು ಹಿಡಿದು ಮಾತಾಡಿಸುತ್ತಿದ್ದಳು. ಗುಡಿ ನೋಡಲು ಬಂದವರು ಇವಳ ಕೈಗೆ ಸಿಕ್ಕಿ, ತಮ್ಮ ಭೇದಿಯ ಕಥೆಯನ್ನೆಲ್ಲ ಹೇಳಿಕೊಂಡು, ಓಆರ್‌ಎಸ್ ಕುಡಿದು ಹೋಗುತ್ತಿದ್ದರು.

ಬೆಂಗಳೂರಿನಲ್ಲಿ ಪರೀಕ್ಷೆ. ಓದುವುದು, ಬರೆಯುವುದು, ಕೇಳುವುದು ಎಲ್ಲ ಪಾಸ್. ಮಾತು ಫೇಲ್!

“ಅತ್ತೀ, ಇಬ್ಬರನ್ನ ಎದುರಾಬದುರಾ ಕುಂದ್ರಿಸಿ ಟಾಪಿಕ್ ಕೊಡ್ತಾರ. ವಾದ ಮಾಡಬೇಕು. ಸಾಲಿಯೊಳಗ ಮಕ್ಕಳಿಗೆ ಮೊಬೈಲ್ ಬೇಕೋ ಬ್ಯಾಡೋ ಅಂತ. ನನ್ನ ಎದುರಿನಾಕಿ ಬೇಕು ಅಂದಳು. ನಾ ಹೌದು ಅಂದೆ. ಆಮ್ಯಾಲ ವಾದ ನಡೀಲಿ ಅಂತ ಆಕಿನ, ಕೊಟ್ರ ಕೆಡ್ತಾರ ಅಂದಳು. ಅದಕ್ಕೂ ಹೌದು ಅಂದೆ.”

ನಗಬೇಕೋ ಅಳಬೇಕೋ? ಮನೆಯಲ್ಲಿ ಹೂಂ ಅಪ್ಪಾ, ಕಾಲೇಜಿನಲ್ಲಿ ಯೆಸ್ ಮೇಡಂ, ವಾರ್ಡಿನಲ್ಲಿ ಯೆಸ್ ಡಾಕ್ಟರ್. ಯಾವ ಗುಣಕ್ಕೆ ನಾವೆಲ್ಲ ‘ಒಳ್ಳೆ ಹುಡುಗಿ’ ಎಂದು ಬೆನ್ನು ತಟ್ಟಿದ್ದೆವೋ, ಅದಕ್ಕೇ ಅವರು ಮಾರ್ಕ್ಸ್ ಕಟ್ ಮಾಡಿದ್ದರು. ಯೋಚಿಸಿದರೆ ಅವರದ್ದೇ ಸರಿ. ಪೇಶೆಂಟಿನ ಜೀವಕ್ಕೆ ಅಪಾಯ ಕಂಡಾಗ ‘ಡಾಕ್ಟ್ರೇ, ಇದು ಬೇಡ’ ಅನ್ನಬೇಕಾದವಳು ನರ್ಸೇ ಅಲ್ಲವೇ?

ಮತ್ತೆ ಪರೀಕ್ಷೆಗೆ ಕಟ್ಟಿದಳು. ಮೊದಲು ಕನ್ನಡದಲ್ಲಿ ‘ಇಲ್ಲ’ ಅನ್ನು, ಜರ್ಮನ್ ಆಮೇಲೆ ಎಂದೆ. ಶುರುವಾಯಿತು ಪ್ರಾಕ್ಟೀಸ್. ತರಕಾರಿಯವಳ ಜೊತೆ, ಆಟೋದವನ ಜೊತೆ, ನನ್ನ ಜೊತೆ. ವಾರದೊಳಗೆ, ನನ್ನ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಕಾರಣ ಸಮೇತ ವಾದಿಸಿದಳು. (ಸಾರು ಸರಿಯಾಗಿಯೇ ಇತ್ತು.)

ಅಷ್ಟರಲ್ಲಿ ಅಣ್ಣ ಬಂದ, ಸಂಡೂರಿನ ಒಂದು ಸಂಬಂಧ ಹಿಡಿದುಕೊಂಡು. ಒಳ್ಳೆಯ ಮನೆತನ. ಸ್ವಂತ ಲಾರಿಗಳಿವೆ. ಅವರಿಗೆ ಮದುವೆ ಬೇಗ ಆಗಬೇಕು. ಜರ್ಮನಿ? ಅದನ್ನು ಆಮೇಲೆ ನೋಡೋಣ ಅಂದಿದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ‘ಆಮೇಲೆ ನೋಡೋಣ’ ಎಂದರೆ ಏನರ್ಥ ಎಂದು ನಿಮಗೆ ನಾನು ಹೇಳಬೇಕೆ?

ಗಿರಿಜಾಳ ಮುಖ ಸಣ್ಣದಾಯಿತು. ನಾನು ಮಾತು ಬದಲಿಸಲು, “ಅಣ್ಣಾ, ಮಗಳ ಪರೀಕ್ಷೆ ಹತ್ರ ಬಂತು. ಸ್ವಲ್ಪ ಪ್ರಾಕ್ಟೀಸ್ ಮಾಡಿಸು” ಎಂದೆ.

“ನನಗ ಜರ್ಮನ್ ಬರ್ತದೇನಲೇ?”

“ಕನ್ನಡದಾಗ ಮಾಡೂಣ್ರಿ ಅಪ್ಪಾ. ಟಾಪಿಕ್ಕು, ನೌಕರಿ ಮೊದಲೋ ಮದುವಿ ಮೊದಲೋ.”

(ಈ ಟಾಪಿಕ್ ಕೊಟ್ಟವಳು ಗಿರಿಜಾಳೇ ಎಂದು ನಾನು ಅಂದುಕೊಂಡಿದ್ದೇನೆ. ‘ಇಲ್ಲ, ನೀವೇ ಅತ್ತೀ’ ಅನ್ನುತ್ತಾಳೆ ಅವಳು.)

ಅಣ್ಣ ಹುರುಪಿನಿಂದ ಚಕ್ಕಳಮಕ್ಕಳ ಹಾಕಿ ಕೂತ.

“ಮದುವಿ ಮೊದಲು. ಹುಡುಗಿ ವಯಸ್ಸು ಕಾಯ್ತದೇನು?”

“ಜರ್ಮನಿ ಆಸ್ಪತ್ರಿಯ ಆಫರ್ ಲೆಟರ್ ಕಾಯ್ತದೇನ್ರಿ?”

“ಪರದೇಶದಾಗ ಒಬ್ಬಾಕಿ ಹೆಂಗಿರ್ತೀ?”

“ನೈಟ್ ಡ್ಯೂಟಿಯಾಗ ಉಸಿರು ಸಿಗಲಾರದೋರ ಪಕ್ಕ ನಿಂತಿರ್ತೀನಲ್ರಿ, ಹಂಗ.”

“ಗಂಡ ಇದ್ರ ಒಂದು ಆಸರ.”

“ಗಂಡನೇ ಹೋಗಬ್ಯಾಡ ಅಂದ್ರ?”

“ಹಂಗ್ಯಾಕ ಅಂತಾನ?”

“ಅವರ ಮನ್ಯಾಗ ಈಗಾಗಲೇ ಅಂದಾರಲ್ರಿ! ಅಪ್ಪಾ, ಲೈಸೆನ್ಸ್ ಇದ್ದಾಕಿಗೆ ನಾಳೆ ಮದುವಿ ಆಗ್ತದ. ಮದುವಿ ಆದಾಕಿಗೆ ನಾಳೆ ಲೈಸೆನ್ಸ್ ಸಿಗ್ತದಂತ ನೀವು ಬರಕೊಡ್ತೀರೇನ್ರಿ?”

ಅಣ್ಣ ಚಹಾ ಕುಡಿದ. ನನ್ನ ಕಡೆ ನೋಡಿದ. ನಾನು ಸೀಲಿಂಗ್ ಫ್ಯಾನ್ ನೋಡಿದೆ.

“ಆತು ಬಿಡವಾ, ನೀನ ಗೆದ್ದಿ. ನೌಕರೀನ ಮೊದಲು” ಎಂದು ನಕ್ಕ.

ಗಿರಿಜಾ ನಗಲಿಲ್ಲ. “ಹಂಗಾದ್ರ ಸಂಡೂರಿನೋರಿಗೆ ಫೋನ್ ಮಾಡಿ ಹೇಳ್ರಿ.”

“ಲೇ, ಇದು ಪ್ರಾಕ್ಟೀಸಲ್ಲೇನು!”

“ಪ್ರಾಕ್ಟೀಸ್ ಮುಗೀತಲ್ರಿ ಅಪ್ಪಾ. ನೀವು ಒಪ್ಪಿದ್ರಿ.”

ಅಣ್ಣ ಎದ್ದ. ನಮ್ಮಿಬ್ಬರನ್ನೂ ಸೇರಿಸಿ ಬೈದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಗೇಟಿನ ಹತ್ತಿರ ನಿಂತು ಫೋನ್ ಮಾಡಿದ. ಏನು ಹೇಳಿದನೋ ಕೇಳಿಸಲಿಲ್ಲ. ಆದರೆ ಸಂಡೂರಿನವರು ಮತ್ತೆ ಆ ಮಾತು ಎತ್ತಲಿಲ್ಲ.

ಎರಡನೆಯ ಸಲ ಗಿರಿಜಾ ಮಾತಿನಲ್ಲಿ ಪಾಸಾದಳು. ಎದುರಿಗೆ ಕೂತಿದ್ದ ಹುಡುಗನಿಗೆ ಬಾಯಿ ತೆರೆಯಲು ಸಂದು ಸಿಗಲಿಲ್ಲವಂತೆ, ಪಾಪ! ಜರ್ಮನಿಗೆ ಹೋದಳು. ಐಸಿಯು ನೋಡಿಕೊಂಡವಳು ಅಲ್ಲಿ ಮೊದಲು ಸಹಾಯಕಿಯಾಗಿ ಊಟ ಕೊಟ್ಟಳು, ಮೈ ಒರೆಸಿದಳು, ಮತ್ತೆ ವಿದ್ಯಾರ್ಥಿಯಂತೆ ಪಾಠ ಕೇಳಿದಳು, ಪರೀಕ್ಷೆ ಕೊಟ್ಟಳು. ಕಳೆದ ವಾರ ಲೈಸೆನ್ಸ್ ಬಂತು. ವಿಡಿಯೋ ಕಾಲ್‌ನಲ್ಲಿ ಹಿಡಿದು ತೋರಿಸಿದಳು. ನನಗೆ ಒಂದಕ್ಷರ ಓದಲು ಬರಲಿಲ್ಲ. ಎದ್ದು ನಿಂತು ಚಪ್ಪಾಳೆ ಹೊಡೆದೆ.

“ರೌಂಡ್ಸ್‌ಗೆ ಬಂದಾಗ ಡಾಕ್ಟರು ನಿನ್ನ ಅಭಿಪ್ರಾಯ ಕೇಳ್ತಾರೇನೇ?” ಎಂದೆ.

“ಕೇಳ್ತಾರ ಅತ್ತೀ. ಕೇಳದಿದ್ರೂ ಹೇಳ್ತೀನಿ.”

ಕಂಪ್ಲಿಯಲ್ಲಿ ಅಣ್ಣ ಮಿಲ್ಲಿಗೆ ಬಂದವರಿಗೆಲ್ಲ ಪೇಡೆ ಹಂಚಿದನಂತೆ. ಮಗಳು ಚಿಕ್ಕಂದಿನಿಂದಲೂ ಭಾಳ ಮಾತುಗಾತಿ ಎಂದನಂತೆ. (ಇದೂ ನನ್ನ ನೆನಪಿನ ತಪ್ಪೇ ಇರಬೇಕು!)

ಆದರೆ ನನ್ನನ್ನು ಒಂದು ಅನುಮಾನ ಕಾಡುತ್ತಿದೆ. ಭತ್ತದ ರೇಟಿನಲ್ಲಿ ಎಂದೂ ಬಿಟ್ಟುಕೊಡದ ಮನುಷ್ಯ ಅಂದು ಅಷ್ಟು ಬೇಗ ಕೈಚೆಲ್ಲಿದ್ದು ಹೇಗೆ? ಮೊನ್ನೆ ಫೋನಿನಲ್ಲಿ ಕೇಳಿಯೇಬಿಟ್ಟೆ. ಮಿಲ್ಲಿನ ಸದ್ದು ಜೋರಾಗಿದೆ, ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟ. ಅವನೂ ಈ ಅಂಕಣ ಓದುತ್ತಾನೆ, ಆದ್ದರಿಂದ ಇಲ್ಲಿ ಮತ್ತೊಮ್ಮೆ ಕೇಳುತ್ತಿದ್ದೇನೆ:

ಅಣ್ಣಾ, ಅವತ್ತು ನೀ ಖರೇನ ಸೋತ್ಯಾ, ಇಲ್ಲಾ ಬೇಕಂತಲೇ ಸೋತ್ಯಾ?