ಗೋಡೆಯಿಂದ ಗೋಡೆಗೆ ಹಾಕಿದ ರಂಗೋಲಿ

ರಂಗೋಲಿ ವಿಷಯದಲ್ಲಿ ನನಗೆ ಸ್ವಲ್ಪ ಜಂಬ. ಮೈಸೂರಿನಲ್ಲಿ ನಮ್ಮ ಬೀದಿಯ ಹೆಂಗಸರು ಚುಕ್ಕಿ ಲೆಕ್ಕ ಕೇಳಿಕೊಂಡು ಮನೆಗೇ ಬರುತ್ತಿದ್ದರು. ಐರಿಶ್ ಊರಾದ ಈ ಸ್ವೋರ್ಡ್ಸ್‌ಗೆ ಬಂದ ಮೇಲೆ ಆ ಜಂಬಕ್ಕೆ ಜಾಗವೇ ಇರಲಿಲ್ಲ. ಬೆಳಿಗ್ಗೆ ಹಾಕಿದ್ದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಳೆಗೆ ತೊಳೆದುಹೋಗುತ್ತಿತ್ತು. ಹಾಗಾಗಿ ಪಕ್ಕದ ಮನೆಯ ಅಜ್ಜಿ ಒಂದು ದಿನ, “ಊರಿನ ಸಮುದಾಯದ ಹಾಲ್‌ನಲ್ಲಿ ನಮ್ಮೂರು, ಪಕ್ಕದೂರು ಎರಡರ ಹಳೇ ಫೋಟೋನೂ ಇಡ್ತಿದೀವಿ. ಬಾಗಿಲಿಗೆ ನಿಮ್ಮ ಆ ಬಿಳಿ ಚಿತ್ರ ಹಾಕಿಕೊಡ್ತೀಯಾ?” ಎಂದಾಗ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಅವರು ಕೇಳಿದ್ದು ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಮಾತ್ರ ಅವರು ಯಾವಾಗಲೂ ಕನ್ನಡ ಮಾತಾಡುತ್ತಾರೆ.

ಅಜ್ಜಿಗೆ ಎಂಬತ್ತು ದಾಟಿದೆ. ನನ್ನ ಆಫೀಸ್ ಕೆಲಸವೆಲ್ಲ ಮನೆಯಿಂದಲೇ ಆದ್ದರಿಂದ ಹನ್ನೊಂದು ಗಂಟೆಯ ಟೀಗೆ ಅವರ ಅಡುಗೆಮನೆಗೆ ಹೋಗುವುದು ರೂಢಿಯಾಗಿತ್ತು. ಅಲ್ಲಿ ಕೂತು ಅವರು ಎರಡು ಊರುಗಳ ಕಥೆ ಹೇಳುತ್ತಿದ್ದರು. ಒಂದು ನಮ್ಮದು, ಇನ್ನೊಂದು ಮೂರು ಮೈಲಿ ಆಚೆ ಕಡಲ ದಂಡೆಯ ಪಕ್ಕದೂರು. ಈಗ ನಮ್ಮಂಥವರ ಮನೆಗಳು ಸಾಲುಗಟ್ಟಿರುವ ಕಡೆಯೆಲ್ಲ ಆಗ ಆಲೂಗಡ್ಡೆ ಹೊಲವಂತೆ. ವಾರಕ್ಕೊಮ್ಮೆ ಹಾಲ್‌ನಲ್ಲಿ ಡ್ಯಾನ್ಸ್. ಕಡಲೂರಿನ ಹುಡುಗರು ತಲೆಗೆ ಎಣ್ಣೆ ಬಳಿದುಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು.

“ನಾವು ಅವರನ್ನ ಮೀನಿನವರು ಅಂತಿದ್ವಿ, ಅವರು ನಮ್ಮನ್ನ ಮಣ್ಣಿನವರು ಅಂತಿದ್ರು. ಆದ್ರೂ ಮದುವೆ ಮಾತ್ರ ಅವರನ್ನೇ ಆಗ್ತಿದ್ವಿ!” ಎಂದು ಅಜ್ಜಿ ನಗುತ್ತಿದ್ದರು.

ಹಾಗೆ ಮೀನಿನವರನ್ನು ಮದುವೆಯಾಗಿ ಹೋದವರು ಅಜ್ಜಿಯ ಸ್ವಂತ ಅಕ್ಕ. ತಾಯಿ ತೀರಿಕೊಂಡಾಗ ಅಡುಗೆಮನೆಯ ಪಿಂಗಾಣಿ ತಟ್ಟೆಗಳ ಕಪಾಟು ಯಾರಿಗೆ ಸೇರಬೇಕು ಎಂದು ಇಬ್ಬರಿಗೂ ಜಗಳವಾಯಿತು. ಕಪಾಟು ಇಲ್ಲೇ ಉಳಿಯಿತು, ಅಕ್ಕ ಬರುವುದು ನಿಂತಿತು. ಬಸ್ಸಿನಲ್ಲಿ ಕಾಲು ಗಂಟೆಯ ದಾರಿ, ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಾನು ದಿನಾ ಆ ಕಪಾಟಿನ ಎದುರೇ ಟೀ ಕುಡಿಯುತ್ತಿದ್ದೆ. ಅದರ ನೀಲಿ ಹೂವಿನ ತಟ್ಟೆಗಳನ್ನು ಅಜ್ಜಿ ಒಂದು ದಿನವೂ ಕೆಳಗಿಳಿಸಿದವರಲ್ಲ. ಬಿಸ್ಕತ್ತು ಬರುತ್ತಿದ್ದದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ.

ಫೋಟೋಗಳಲ್ಲಿ ಒಂದು ಅಕ್ಕತಂಗಿಯರದು. ಹಾಲ್‌ನ ಬಾಗಿಲಲ್ಲಿ ಇಬ್ಬರೂ ತೋಳಿಗೆ ತೋಳು ಸೇರಿಸಿ ನಿಂತಿದ್ದಾರೆ. ಅದರ ಒಂದು ಪ್ರತಿಯನ್ನು ಅಜ್ಜಿ ಅಕ್ಕನಿಗೆ ಅಂಚೆಯಲ್ಲಿ ಕಳಿಸಿ, ಹಿಂದೆ ದಿನ, ಸಮಯ, “ಬರೋದಾದ್ರೆ ಬಾ” ಎಂದಷ್ಟೇ ಬರೆದಿದ್ದರು. ಉತ್ತರ ಬರಲಿಲ್ಲ. “ಬರ್ತಾಳೆ ಅನ್ಸತ್ತಾ ನಿಂಗೆ?” ಎಂದು ಆ ವಾರ ನನ್ನನ್ನು ಮೂರು ಸಲ ಕೇಳಿದರು. ಬಂದೇ ಬರ್ತಾರೆ ಎಂದು ನಾನು ಸುಳ್ಳು ಧೈರ್ಯ ಹೇಳಿದೆ.

ಹಾಲ್‌ನ ಮುಂಬಾಗಿಲಿಗೆ ಮಾಡು ಇಳಿಸಿದ ಸಣ್ಣ ಪಡಸಾಲೆ ಇದೆ. ಮಳೆ ತಾಗದ ಒಣ ನೆಲ! ಎಷ್ಟು ವರ್ಷದ ಹಸಿವೋ ಏನೋ, ಇಪ್ಪತ್ತೊಂದು ಚುಕ್ಕಿಯ ಕಮಲ ಎಳೆದು, ಸುತ್ತ ಬಳ್ಳಿ ಬಿಟ್ಟು, ಈ ಗೋಡೆಯಿಂದ ಆ ಗೋಡೆಯವರೆಗೂ ತುಂಬಿಸಿಬಿಟ್ಟೆ. ಊರಿನಲ್ಲಿ ಅಂಗಳಕ್ಕೆ ಹಾಕಿದರೆ ಪಕ್ಕದಲ್ಲಿ ಓಡಾಡಲು ಜಾಗ ತಾನಾಗಿಯೇ ಇರುತ್ತದೆ. ಇಲ್ಲಿ ಬಿಡಬೇಕು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಜನ ಬರತೊಡಗಿದರು, ಆದರೆ ಎಲ್ಲರೂ ಹಿಂದಿನ ಅಡುಗೆಕೋಣೆಯ ಬಾಗಿಲಿಂದ. ಬಂದವರೆಲ್ಲ ರಂಗೋಲಿಯನ್ನು ಹೊಗಳುವವರೇ. ಇವರಿಗೆ ಹಿತ್ತಿಲ ಬಾಗಿಲೇ ಇಷ್ಟವೇನೋ ಎಂದುಕೊಂಡು ನಾನು ಬೀಗುತ್ತಾ ಟೀ ಹಂಚಿದೆ. ಕೊನೆಗೆ ನನ್ನ ಮಗಳು ಬಂದು ತನ್ನ ಐರಿಶ್ ರಾಗದ ಇಂಗ್ಲಿಷಿನಲ್ಲಿ ಕಿವಿಯಲ್ಲಿ ಉಸುರಿದಳು: ಅದು ದೇವರ ಚಿತ್ರ ಎಂದುಕೊಂಡು ಯಾರೂ ತುಳಿಯುತ್ತಿಲ್ಲ, ಹೇಳಿದರೆ ನಿನಗೆ ಬೇಜಾರಾಗುತ್ತದೆಂದು ಸುಮ್ಮನಿದ್ದಾರೆ.

ನಾನು ಕಿಟಕಿಯತ್ತ ತಿರುಗಿದೆ. ಹೊರಗೆ ಟ್ಯಾಕ್ಸಿಯೊಂದು ನಿಂತಿತ್ತು. ಬಾಗಿಲ ಬಳಿ ವಾಕರ್ ಹಿಡಿದ ಮುದುಕಿ, ನಮ್ಮ ಅಜ್ಜಿಯದೇ ಗಲ್ಲ. ರಂಗೋಲಿಯನ್ನು ನೋಡಿದರು. ಹಿಂದಿನ ದಾರಿ ನೋಡಿದರು, ಅದು ಪೂರ್ತಿ ಜಲ್ಲಿಕಲ್ಲು, ವಾಕರ್ ಉರುಳುವಂತಿರಲಿಲ್ಲ. ನಿಧಾನವಾಗಿ ಟ್ಯಾಕ್ಸಿಯ ಕಡೆಗೆ ತಿರುಗಿದರು.

“ನಿಮ್ಮ ಅಕ್ಕ ಬಂದಿದಾರೆ, ವಾಪಸ್ ಹೋಗ್ತಿದಾರೆ!” ಎಂದು ಕೂಗಿಬಿಟ್ಟೆ.

ಅಜ್ಜಿ ಮುಂಬಾಗಿಲಿಗೆ ಓಡಿದರು. ಅವರ ದನಿಗೆ ಅಕ್ಕ ಮತ್ತೆ ಈ ಕಡೆ ತಿರುಗಿದರು. ಆದರೆ ಅಜ್ಜಿಯೂ ರಂಗೋಲಿಯ ಅಂಚಿಗೆ ಬಂದು ನಿಂತುಬಿಟ್ಟರು! ಆಚೆ ಅಕ್ಕ, ಈಚೆ ತಂಗಿ, ನಡುವೆ ನನ್ನ ಕಮಲ. ಇಬ್ಬರೂ ಕಾಲಿಡಲೊಲ್ಲರು. ನನಗೆ ನನ್ನ ಜಂಬದ ಮೇಲೇ ಸಿಟ್ಟು ನೆತ್ತಿಗೇರಿತು. ಬೂಟುಗಾಲಿನಲ್ಲೇ ಕಮಲದ ನಟ್ಟನಡುವೆ ನಡೆದು ಹೋಗಿ ಅಕ್ಕನ ಮೊಣಕೈ ಹಿಡಿದೆ.

“ಅಯ್ಯೋ ಹುಡುಗಿ, ಎಷ್ಟು ಚೆನ್ನಾಗಿತ್ತು!” ಎಂದರು ಅಕ್ಕ.

“ನಾಳೆ ಇನ್ನೊಂದು ಹಾಕ್ತೀನಿ. ನೀವು ಒಳಗೆ ಬನ್ನಿ.”

ವಾಕರಿನ ಚಕ್ರಗಳು ಬಳ್ಳಿಯ ಮೇಲೆ ಎರಡು ಗೆರೆ ಎಳೆದವು. ಅಜ್ಜಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೂದಲು ಉದುರಿಹೋಗಿದೆ ನಿಂದು,” ಎಂದರು. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು.

ಆಮೇಲೆ ಇಬ್ಬರೂ ಆ ಫೋಟೋ ಮುಂದೆ ಕೂತು, ಅದರಲ್ಲಿದ್ದ ಕೋಟು ಯಾರದು ಎಂದು ಹಾಲ್ ಮುಚ್ಚುವವರೆಗೂ ವಾದ ಮಾಡಿದರು. ನಾನು ಟೀ ಕೊಟ್ಟು ಕೊಟ್ಟು ಸುಸ್ತಾದರೂ ಮನಸ್ಸು ತುಂಬಿತ್ತು.

ಮುಂದಿನ ಗುರುವಾರ ಹನ್ನೊಂದಕ್ಕೆ ಹೋದರೆ ಅಡುಗೆಮನೆಯಲ್ಲಿ ಅಕ್ಕ ಕೂತಿದ್ದರು. ಮೇಜಿನ ಮೇಲೆ ಡಬ್ಬಿ ಇರಲಿಲ್ಲ. ಮೂರು ನೀಲಿ ಹೂವಿನ ತಟ್ಟೆಗಳಿದ್ದವು. ಅಕ್ಕ ತಮ್ಮದನ್ನು ಎತ್ತಿ ಬೆಳಕಿಗೆ ಹಿಡಿದು, “ಇದು ಬಿರುಕು ಬಿಟ್ಟಿದೆ,” ಎಂದರು.

“ಬಿರುಕು ಬಿಡಿಸಿದ್ದು ನೀನೇ,” ಎಂದ ಅಜ್ಜಿ, ಅದೇ ತಟ್ಟೆಗೆ ಕೇಕಿನ ದೊಡ್ಡ ತುಂಡನ್ನು ಹಾಕಿದರು.