ಆಕಿನ್ನ ಕೇಳ್ರಿ

ಅಕ್ಕೋರ ಕೊರಳಲ್ಲಿ ಈ ಕಡೆಯಿಂದ ಆ ಕಡೆಗೆ ಒಂದು ಗಾಯದ ಗೆರೆ ಇತ್ತು. ಗಂಟಲೊಳಗಿನ ಗಡ್ಡೆ ತೆಗೆದ ಆಪರೇಷನ್ನಿನ ಗುರುತು ಅದು. ಸೆರಗಿನಿಂದ ಅದನ್ನು ಮುಚ್ಚಿಕೊಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಆಪರೇಷನ್ ಆದ ಮೇಲೆ ಅವರ ದನಿ ಒಡೆದುಹೋಗಿತ್ತು. ಮಾತಾಡಿದರೆ ಒಣ ಜೋಳದ ಕಣಿಕೆಯ ಮೇಲೆ ಯಾರೋ ಕಾಲಿಟ್ಟು ನಡೆದಂತೆ ಕೇಳಿಸುತ್ತಿತ್ತು. ಕೂಗಲು ಆಗುತ್ತಲೇ ಇರಲಿಲ್ಲ. ಅವರೊಡನೆ ಜಗಳಕ್ಕೆ ಬಂದವರೂ ಹತ್ತಿರ ಬಂದು, ಬಗ್ಗಿ, ಕಿವಿಗೊಟ್ಟು ಕೇಳಬೇಕಾಗುತ್ತಿತ್ತು. ಹಾಗೆ ಬಗ್ಗಿದವರ ಸಿಟ್ಟು ಅರ್ಧ ಅಲ್ಲೇ ಇಳಿದಿರುತ್ತಿತ್ತು.

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇವರು ಬಹಳ ವರ್ಷ ಒಂದು ಖಾಸಗಿ ಸಾಲಿಯಲ್ಲಿ ಕಲಿಸಿದ್ದರು. ದನಿ ಹೋದ ಮೇಲೆ, ಹಿಂದಿನ ಸಾಲಿನ ಮಕ್ಕಳಿಗೆ ಕೇಳಿಸುವುದಿಲ್ಲ ಎಂದು ಹೇಳಿ ಕೆಲಸದಿಂದ ತೆಗೆದರು. "ಮಕ್ಕಳನ್ನ ಕರದು ಕೇಳ್ರಿ ಅಂದೆ. ಕೇಳಲಿಲ್ಲ," ಎಂದು ಅಕ್ಕೋರು ಹೇಳುತ್ತಿದ್ದರು. ಕೆಲಸ ಹೋದದ್ದಕ್ಕಿಂತ ಮಕ್ಕಳನ್ನು ಕೇಳದೆ ಇದ್ದದ್ದು ಅವರಿಗೆ ದೊಡ್ಡದಾಗಿ ಕಾಣುತ್ತಿತ್ತು. ಕೆಲಸ ಹೋಯಿತು, ಹೆಸರು ಉಳಿಯಿತು. ಅವರ ಮನೆಯಿದ್ದ ಸುರಪುರದ ರಂಗಂಪೇಟೆಯ ಓಣಿಯಲ್ಲಿ ಹಾಲು ಹಾಕುವವನಿಂದ ಹಿಡಿದು ಎಲ್ಲರಿಗೂ ಅವರು ಅಕ್ಕೋರೇ.

ನಾನು ಅವರನ್ನು ಕಂಡದ್ದು ಯಾದಗಿರಿಯಲ್ಲಿ ಬಿ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ವರ್ಷ. ದೇಶದ ಚುನಾವಣೆ ಹತ್ತಿರ ಬಂದಿತ್ತು. ಒಂದು ಸರ್ವೆ ಸಂಸ್ಥೆಯವರು ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಕೇಳಲು ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದರು. ಶಹಾಪುರದ ಒಂದು ಲಾಡ್ಜಿನ ಹಾಲಿನಲ್ಲಿ ತರಬೇತಿ ನಡೆಯಿತು. ದೇಶ ಆಳುವವರ ಕೆಲಸ ನಿಮಗೆ ಹೇಗೆ ಅನ್ನಿಸಿದೆ, ವಿರೋಧ ಪಕ್ಷದ ನಾಯಕರ ಕೆಲಸ ಹೇಗೆ ಅನ್ನಿಸಿದೆ ಎಂದು ಕೇಳಬೇಕು. ತುಂಬಾ ತೃಪ್ತಿ, ಸ್ವಲ್ಪ ತೃಪ್ತಿ, ಅತೃಪ್ತಿ, ತೀರಾ ಅತೃಪ್ತಿ, ಹೇಳಲಾರೆ, ಇವುಗಳಲ್ಲಿ ಒಂದನ್ನು ಟ್ಯಾಬಿನಲ್ಲಿ ಒತ್ತಬೇಕು. ಯಾರನ್ನು ಕೇಳಬೇಕೆಂದು ಮತದಾರರ ಯಾದಿಯಿಂದ ಮೇಲಿನವರೇ ಹೆಸರು ಆರಿಸಿ ಕೊಡುತ್ತಿದ್ದರು. ಉಳಿದವರೆಲ್ಲ ಹರೆಯದವರು, ಅಕ್ಕೋರೊಬ್ಬರೇ ಐವತ್ತು ದಾಟಿದವರು. ಅವರ ಜೊತೆ ಹೋಗಲು ಉಳಿದ ಹುಡುಗಿಯರು ಯಾರೂ ಮುಂದೆ ಬರದ ಕಾರಣ ನನ್ನನ್ನು ಜೋಡಿ ಹಾಕಿದರು.

ಮೊದಲ ದಿನವೇ ನನಗೆ ಸಾಕಾಗಿಹೋಯಿತು. ಬೇರೆ ಜೋಡಿಗಳು ಮಧ್ಯಾಹ್ನದೊಳಗೆ ಕೆಲಸ ಮುಗಿಸಿ ನೆರಳು ಹಿಡಿಯುತ್ತಿದ್ದವು. ಯಾದಿಯಲ್ಲಿ ಹೆಣ್ಣಿನ ಹೆಸರಿದ್ದರೆ ಗಂಡನೋ ಮಗನೋ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟುಬಿಡುತ್ತಿದ್ದ, ಆ ಜೋಡಿಗಳವರು ಅದನ್ನೇ ಒತ್ತಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದರು. ಅಕ್ಕೋರು ಹೋಗುತ್ತಿರಲಿಲ್ಲ. "ಆಕಿನ್ನ ಕೇಳ್ರಿ ಅಂತ ಕಳಿಸ್ಯಾರ. ಆಕಿನ್ನ ಕೇಳ್ತೀನಿ," ಎಂದು ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದರು. ಹತ್ತಿ ಬಿಡಿಸಲು ಹೋದವಳು, ನೀರಿಗೆ ಹೋದವಳು, ಸಂತೆಗೆ ಹೋದವಳು, ಯಾರಾದರೂ ಸರಿ, ಬರುವ ತನಕ ಕಾಯುವುದು. ಕಾಯುವಾಗ ಓಂಕಾಳು ಅಗಿಯುವುದು. ಮಜ್ಜಿಗೆ ಕೊಟ್ಟರೆ ಕುಡಿಯುತ್ತಿರಲಿಲ್ಲ. ಕೇಳುವ ಮೊದಲು ಉಂಡರೆ ಬಾಯಿ ಕಟ್ಟುತ್ತದೆ ಅನ್ನುತ್ತಿದ್ದರು. ಕೇಳಿ ಮುಗಿದ ಮೇಲೆ ಮಾತ್ರ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದರು, ಮತ್ತೊಂದಿಷ್ಟು ಕೇಳಿಯೂ ತಿನ್ನುತ್ತಿದ್ದರು.

ಸಿಡುಕು ಸ್ವಭಾವದವರು. ಕಂಡಕ್ಟರುಗಳ ಜೊತೆ ದಿನಾ ಜಗಳ. ಗಂಡಸರೆಂದರೆ ಎಲ್ಲರೂ ಒಂದೇ ಎಂಬ ಅವರ ಮಾತು ನನಗೆ ಅನ್ಯಾಯ ಅನ್ನಿಸುತ್ತಿತ್ತು, ಹೇಳಿದರೆ ಒಪ್ಪುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಯಾವ ನಾಯಕನ ಬಗ್ಗೆಯೂ ಒಂದು ಮಾತು ಆಡುತ್ತಿರಲಿಲ್ಲ, ಮುಖದಲ್ಲೂ ತೋರಿಸುತ್ತಿರಲಿಲ್ಲ. ಸಂಜೆ ಟ್ಯಾಬು ಒಪ್ಪಿಸಿ ಶಹಾಪುರದ ಬಸ್ ನಿಲ್ದಾಣದ ಹೊರಗೆ ಮಿರ್ಚಿಬಜ್ಜಿ ತಿನ್ನಲು ನಿಂತರೆ ಮಾತ್ರ ಆಳುವವರು, ಆಳಲು ಬಯಸುವವರು, ಒಬ್ಬರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಪಕ್ಕದಲ್ಲಿ ನಿಂತಿದ್ದ ಒಬ್ಬ ಹತ್ತಿ ವ್ಯಾಪಾರಿ ಬೇಸರದಿಂದ, "ಅಷ್ಟ ದೊಡ್ಡವರ ಬಗ್ಗೆ ಹಂಗೆಲ್ಲ ಮಾತಾಡಬಾರದ್ರಿ ಅಕ್ಕೋರ," ಎಂದ.

ಅಕ್ಕೋರು ಬಜ್ಜಿ ನುಂಗಿ ಹೇಳಿದರು: "ಆಳು ಹಚ್ಚಿದಾಂವ ಸಂಜಿಗೆ ಹೊಲಕ್ಕ ಹೋಗಿ ಎಷ್ಟ್ ಕೆಲಸ ಆಗ್ಯದ ಅಂತ ನೋಡಂಗಿಲ್ಲೇನ್ರಿ? ಹಚ್ಚಿದವರು ನಾವ. ನೋಡೋರೂ ನಾವ."

ಇಷ್ಟು ಹಟ ಏಕೆ ಎಂದು ನಾನು ಒಮ್ಮೆ ಕೇಳಿದೆ. ಅವರು ಕೊರಳಿನ ಗೆರೆ ಮುಟ್ಟಿಕೊಂಡರು. ಆಪರೇಷನ್ ಆದ ಮರುದಿನ ಡಾಕ್ಟರು ಬಂದು ನೋವು ಹೇಗಿದೆ ಎಂದು ಕೇಳಿದರಂತೆ. ಇವರು ಮಲಗಿದ್ದಾರೆ, ಕಣ್ಣು ಬಿಟ್ಟುಕೊಂಡಿದ್ದಾರೆ, ಕೈಯಾಡಿಸಿ ಹೇಳಬಲ್ಲರು. ಆದರೆ ಡಾಕ್ಟರು ಕೇಳಿದ್ದು ಪಕ್ಕದಲ್ಲಿ ನಿಂತ ಅಣ್ಣನನ್ನು. ಅಣ್ಣ, "ಅಷ್ಟೇನಿಲ್ರಿ," ಎಂದ. ಡಾಕ್ಟರು ಹಾಗೇ ಬರೆದುಕೊಂಡು ಹೋದರು. ಆ ರಾತ್ರಿಯೆಲ್ಲ ನೋವಿನ ಇಂಜೆಕ್ಷನ್ ಇಲ್ಲದೆ ಹೊರಳಾಡಿದರಂತೆ.

"ಅಣ್ಣ ಕೆಟ್ಟಾಂವ ಅಲ್ಲ," ಎಂದರು. "ಆದ್ರ ನೋವು ನಂದು, ಜವಾಬು ಅವಂದು. ಅದು ನನಗ ತಡಕೊಳ್ಳಾಕ ಆಗಲಿಲ್ಲ."

ಬೋನಾಳದ ಕೆರೆ ದಾಟಿ ಆಚೆಗೆ ಒಂದು ಊರಿಗೆ ಹೋದದ್ದು ಭತ್ತದ ನಾಟಿಯ ದಿನಗಳಲ್ಲಿ. ಕಾಲುವೆ ತುಂಬಿ ಹರಿಯುತ್ತಿತ್ತು, ಊರಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಯಾದಿಯಲ್ಲಿ ಬಂದ ಹೆಸರು ಆ ಊರ ಸಾಹುಕಾರನ ಹೆಂಡತಿಯದು. ಸಾಹುಕಾರ ಒಂದು ಪಕ್ಷದ ಮುಖಂಡ. ಯಾವ ಪಕ್ಷ ಎಂಬುದು ಬೇಡ, ಇನ್ನೊಂದು ಪಕ್ಷದವನಾಗಿದ್ದರೂ ಅದೇ ಕಟ್ಟೆಯ ಮೇಲೆ ಅದೇ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದ. ಸುತ್ತ ಏಳೆಂಟು ಗಂಡಸರಿದ್ದರು.

"ಆಕಿಗೇನ್ ತಿಳೀತದ್ರಿ, ಒಲಿ ಮುಂದ ಕುಂದರಾಕಿ," ಎಂದು ಸಾಹುಕಾರ ನಕ್ಕ. "ನಾ ಹೇಳ್ತೀನಿ, ಬರಕೋರಿ. ನಮ್ಮ ನಾಯಕರ ಕೆಲಸ ಹದಿನಾರಾಣೆ ಚಲೋ. ಆ ಇನ್ನೊಬ್ಬಾಂವಂದು ದಂಡ. ಮುಗೀತು."

"ನಿಮ್ಮ ಹೆಸರು ಬಂದಾಗ ನಿಮ್ಮ ಜವಾಬು ಬರಕೋತೀವ್ರಿ. ಇವತ್ತ ಅವರದು," ಎಂದರು ಅಕ್ಕೋರು.

"ನಮ್ಮ ಮನ್ಯಾಗ ಎರಡು ಮಾತಿಲ್ಲ."

"ಇಲ್ಲಂದ್ಮ್ಯಾಲ ಕೇಳಿದ್ರ ನಿಮಗೇನ್ ತ್ರಾಸ್ರಿ?"

ಒಬ್ಬಿಬ್ಬರು ನಕ್ಕರು. ಸಾಹುಕಾರನಿಗೆ ನಗು ಬರಲಿಲ್ಲ. ಹೆಂಡತಿ ನಾಟಿ ಹಚ್ಚುವವರಿಗೆ ಬುತ್ತಿ ಒಯ್ದಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ ಎಂದ. ಅಕ್ಕೋರು ಓಂಕಾಳು ಬಾಯಿಗೆ ಹಾಕಿಕೊಂಡು ಕಟ್ಟೆಯ ತುದಿಯಲ್ಲಿ ಕುಳಿತರು. ನಾನೂ ಕುಳಿತೆ. ಬಿಸಿಲು ಇಳಿಯುವ ಹೊತ್ತಿಗೆ ಆಕೆ ಬಂದಳು. ತಲೆಯ ಮೇಲೆ ಖಾಲಿ ಬುಟ್ಟಿ, ಮೊಣಕಾಲಿನವರೆಗೆ ಕೆಸರು. ಅಕ್ಕೋರು ಅವಳ ಹಿಂದೆಯೇ ಅಡುಗೆಮನೆಗೆ ಹೋದರು. ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತು ಯಾರನ್ನೂ ಒಳಗೆ ಬಿಡಬೇಡ ಎಂದು ನನಗೆ ಹೇಳಿದರು.

ನನ್ನ ಬೆನ್ನ ಹಿಂದೆ ಆ ಎರಡು ದನಿಗಳು ಕೇಳುತ್ತಿದ್ದವು. ಮೊದಲ ಪ್ರಶ್ನೆಗೆ ಆಕೆ ತಿರುಗಿ ಪ್ರಶ್ನೆಯನ್ನೇ ಹಾಕಿದಳು.

"ನಾ ಏನೂ ಹೇಳದಿದ್ರ ಏನ್ ಬರಕೋತೀರಿ?" ಎಂದಳು.

"ಹೇಳಲಿಲ್ಲ ಅಂತ ಬರಕೋತೀನಿ. ಅದೂ ನಿಮ್ಮ ಜವಾಬ."

"ಹೇಳಿದ್ರ?"

"ಹೇಳಿದ್ದು ಬರಕೋತೀನಿ. ಯಾರಿಗೂ ತೋರಸಂಗಿಲ್ಲ."

ಆಕೆ ಹೇಳತೊಡಗಿದಳು. ನಿಧಾನವಾಗಿ ಶುರುಮಾಡಿದವಳು ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ನಿಲ್ಲಿಸಲು ಸಿದ್ಧಳಿರಲಿಲ್ಲ. ಏನು ಹೇಳಿದಳೆಂಬುದು ನನಗೆ ಕೇಳಿಸಿದೆ. ಇಲ್ಲಿ ಬರೆಯುವುದಿಲ್ಲ. ಗಂಡನ ಮಾತಿಗೆ ಅದು ಹೊಂದಿತೋ ಇಲ್ಲವೋ ಎಂಬುದನ್ನೂ ಬರೆಯುವುದಿಲ್ಲ.

ಹೊರಗೆ ಬಂದಾಗ ಸಾಹುಕಾರ ಕುರ್ಚಿಯಿಂದ ಎದ್ದು ನಿಂತಿದ್ದ. ಅಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಉತ್ತರಗಳು ಇನ್ನೂ ಟ್ಯಾಬಿನಲ್ಲೇ ಇದ್ದವು. ಅದು ಅವನಿಗೂ ತಿಳಿದಿತ್ತು.

"ತೋರಸ್ರಿ."

"ತೋರಸಂಗಿಲ್ರಿ."

"ನನ್ನ ಮನಿ ಇದು. ನನ್ನ ಹೇಣ್ತಿ ಆಕಿ."

"ಮನಿ ನಿಮ್ಮದ್ರಿ. ಮಾತ ಆಕಿದು."

ಅವನು ಮಾತಿಗಷ್ಟೇ ಸಿಗ್ನಲ್ ಸಿಗುವ ಮಾಳಿಗೆ ಹತ್ತಿ ಯಾರು ಯಾರಿಗೋ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದು, ಶಹಾಪುರದಲ್ಲಿದ್ದ ನಮ್ಮ ಮೇಲ್ವಿಚಾರಕ ಫೋನಿನಲ್ಲಿದ್ದಾನೆ, ಮಾತಾಡಲು ಮೇಲೆ ಬರ್ರಿ ಎಂದ. ಅಕ್ಕೋರು ಹೋಗಲಿಲ್ಲ, ನನ್ನನ್ನು ಕಳಿಸಿದರು. ಮೇಲ್ವಿಚಾರಕ ಗಾಬರಿಯಾಗಿದ್ದ. ತೋರಿಸಿ ಬಿಡಲು ಹೇಳು, ಇಲ್ಲದಿದ್ದರೆ ಈ ಭಾಗದಲ್ಲಿ ನಮ್ಮ ಕೆಲಸವೇ ನಿಂತುಹೋಗುತ್ತದೆ ಎಂದ. ನಾನು ಇಳಿದು ಬಂದು ಹಾಗೇ ಹೇಳಿದೆ.

ಅಕ್ಕೋರು ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಟ್ಯಾಬನ್ನು ಕಟ್ಟೆಯ ಮೇಲಿಟ್ಟು, ಸೀರೆ ಸರಿಮಾಡಿಕೊಂಡು, ಅದರ ಮೇಲೆ ಕುಳಿತುಬಿಟ್ಟರು.

"ತಗೋರಿ," ಎಂದರು. "ನನ್ನ ಎಬ್ಬಿಸಿ ತಗೋರಿ."

ಊರಲ್ಲಿ ಅಷ್ಟು ಹೊತ್ತಿಗೆ ಹೊಲದಿಂದ ಜನ ಮರಳುತ್ತಿದ್ದರು. ನಾಟಿಗೆ ಹೋಗಿದ್ದ ಹೆಂಗಸರು ಕೆಸರುಗಾಲಲ್ಲೇ ನಿಂತು ನೋಡತೊಡಗಿದರು. ಯಾರೋ ಒಬ್ಬಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಅಷ್ಟು ಜನರೆದುರು ಒಬ್ಬ ಹಿರಿಯ ಹೆಣ್ಣುಮಗಳನ್ನು ಎತ್ತಿ ಪಕ್ಕಕ್ಕಿಡುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಸಾಹುಕಾರನ ಬಳಿಯಿದ್ದ ಹುಡುಗರಲ್ಲಿ ಇಬ್ಬರು ನಾವು ಬಂದಿದ್ದ ಟಂಟಂ ಆಟೋಗೆ ಅಡ್ಡಲಾಗಿ ಬೈಕು ತಂದು ನಿಲ್ಲಿಸಿದರು. ಅಕ್ಕೋರು ಓಂಕಾಳು ಮುಗಿಯಿತೆಂದು ನನ್ನ ಚೀಲದಲ್ಲಿ ಹುಡುಕುತ್ತಿದ್ದರು.

ಆಗ ಸಾಹುಕಾರನ ಹೆಂಡತಿ ಹೊಸ್ತಿಲಿಗೆ ಬಂದಳು. ಕಾಲು ತೊಳೆದುಕೊಂಡಿದ್ದಳು, ತಲೆಯ ಮೇಲೆ ಸೆರಗಿತ್ತು.

"ಅವರನ್ನ ಯಾಕ ಕಾಡಾಕತ್ತೀರಿ?" ಎಂದು ಗಂಡನಿಗೆ ಹೇಳಿದಳು. "ನಾ ಅಂದದ್ದು ನನ್ನ ಬಾಯಾಗೂ ಅದ. ನನಗ ಕೇಳ್ರಿ. ಇಲ್ಲೇ, ಎಲ್ಲಾರ ಮುಂದ ಹೇಳ್ತೀನಿ."

ಸಾಹುಕಾರ ಹೆಂಡತಿಯ ಮುಖ ನೋಡಿದ. ಕೇಳಿದ್ದರೆ ಅವಳು ಹೇಳುತ್ತಿದ್ದಳು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಅವನು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕಾಲುವೆ ನೀರು ತಿರುಗಿಸಿ ಬರುತ್ತೇನೆ ಎಂದು ಹೊರಟುಹೋದ. ಹುಡುಗರು ಬೈಕು ತೆಗೆದರು. ಆಕೆ ಒಳಗೆ ಹೋಗಿ ನಮಗೆ ಮಂಡಕ್ಕಿ ಒಗ್ಗರಣೆಯ ಸುಸಲಾ, ಚಹಾ ತಂದಳು. ಅಕ್ಕೋರು ಎರಡು ತಾಟು ಸುಸಲಾ ತಿಂದರು.

ಕೆರೆಯ ಏರಿಯ ಹತ್ತಿರ ಬಂದಾಗ ನೆಟ್‌ವರ್ಕ್ ಸಿಕ್ಕಿತು. ಅಕ್ಕೋರು ಟಂಟಂ ನಿಲ್ಲಿಸಿ ಇಳಿದು, ಉತ್ತರಗಳು ಹೋದವೆಂದು ಟ್ಯಾಬು ತೋರಿಸುವವರೆಗೆ ಕಾದು, ಆಮೇಲೆ ಹತ್ತಿದರು.

ಮರುದಿನ ಶಹಾಪುರದಲ್ಲಿ ಮೇಲ್ವಿಚಾರಕ ಅವರನ್ನು ಕೆಲಸದಿಂದ ತೆಗೆದ. ಊರವರ ಜೊತೆ ಹೊಂದಿಕೊಂಡು ಹೋಗುವುದಿಲ್ಲ ಎಂಬುದು ಕಾರಣ. ಅಕ್ಕೋರು ವಾದ ಮಾಡಲಿಲ್ಲ. "ಹೊಂದಿಕೊಂಡು ಬರಕೊಳ್ಳೋದಿತ್ತಂದ್ರ ಇಲ್ಲೇ ಲಾಡ್ಜಿನ್ಯಾಗ ಕುಂತು ಬರೀಬಹುದಿತ್ತಲ್ರಿ, ಊರೂರು ತಿರುಗಿಸಿದ್ಯಾಕ?" ಎಂದಷ್ಟೇ ಕೇಳಿ ಚೀಲ ಎತ್ತಿಕೊಂಡರು. ನಾನೂ ಬಿಡುತ್ತೇನೆ ಎಂದು ಅವರ ಹಿಂದೆ ಓಡಿದೆ. ಅವರಿಗೆ ಸಿಟ್ಟು ಬಂತು.

"ನೀ ಬಿಟ್ರ ನಾಳಿಗೆ ಆ ಟ್ಯಾಬ ಯಾರ ಕೈಗೆ ಹೋಗ್ತದ? ಕಟ್ಟಿ ಮ್ಯಾಲ ಕುಂದ್ರಾಕ ಕಲತೀದಿ. ಹೋಗಿ ಕುಂದುರು."

ಆ ಕೆಲಸ ನಾನು ಬಿಡಲಿಲ್ಲ. ಈಗಲೂ ಸರ್ವೆ ಮಾಡುತ್ತೇನೆ, ಹೊಸ ಹುಡುಗಿಯರಿಗೆ ತರಬೇತಿಯನ್ನೂ ಕೊಡುತ್ತೇನೆ. ನಿಧಾನ ಎಂದು ಮೇಲಿನವರು ಬೈಯುತ್ತಾರೆ. ಬೈಯಲಿ. ಸುರಪುರದ ಕಡೆ ಹೋದಾಗಲೆಲ್ಲ ರಂಗಂಪೇಟೆಗೆ ಹೋಗಿ ಅಕ್ಕೋರನ್ನು ಕಂಡು ಬರುತ್ತಿದ್ದೆ. ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಮಕ್ಕಳು ಅವರ ಸುತ್ತ ಒತ್ತಿಕೊಂಡು ಕುಳಿತಿರುತ್ತಿದ್ದವು. ಟಿ.ವಿ.ಯಲ್ಲಿ ದೇಶದ ಜನ ತೃಪ್ತರು ಎಂದೋ ಅತೃಪ್ತರು ಎಂದೋ ಬಂದಾಗ ಅಕ್ಕೋರು ಮೂಗು ಮುರಿದು, "ಎಷ್ಟ್ ಮಂದಿನ್ನ ಖರೇನ ಕೇಳ್ಯಾರೋ," ಅನ್ನುತ್ತಿದ್ದರು.

ಹೋದ ವರ್ಷ ಗಡ್ಡೆ ಮತ್ತೆ ಕಾಣಿಸಿಕೊಂಡಿತು. ಕಲಬುರಗಿಯ ದವಾಖಾನೆಗೆ ನೋಡಲು ಹೋದಾಗ ದನಿ ಪೂರ್ತಿ ಹೋಗಿತ್ತು. ಡಾಕ್ಟರು ಬಂದು ಎಂದಿನಂತೆ ಅಣ್ಣನ ಕಡೆ ತಿರುಗಿದರು. ಅಕ್ಕೋರು ಡಾಕ್ಟರ ಕೋಟಿನ ತೋಳು ಹಿಡಿದು ಜಗ್ಗಿದರು. ಅವರು ತಿರುಗಿ, ಬಗ್ಗಿ, ಇವರ ತುಟಿ ನೋಡುವವರೆಗೂ ಬಿಡಲಿಲ್ಲ.

ಹದಿನೈದು ದಿನದಲ್ಲಿ ಹೋಗಿಬಿಟ್ಟರು.

ನಾನು ತಲುಪಿದಾಗ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹೂವು. ಭಜನೆಯವರು ಒಂದು ಪದ ಮುಗಿಸಿ ಚಹಾ ಕುಡಿಯುತ್ತಿದ್ದರು. ಅಷ್ಟರಲ್ಲಿ ಒಂದು ಪಕ್ಷದ ಮುಖಂಡ ನಾಲ್ಕು ಜನರೊಡನೆ ಬಂದ. ಹಾರ ಹಾಕಿದ. ಆಮೇಲೆ ತನ್ನ ಕೊರಳಿನಲ್ಲಿದ್ದ ಪಕ್ಷದ ಶಲ್ಯ ತೆಗೆದು ಅಕ್ಕೋರ ಹೆಗಲ ಮೇಲೆ ಹೊದಿಸಿದ. ಜೊತೆಯವನು ಫೋಟೊ ಹೊಡೆದ.

"ಅಕ್ಕೋರು ನಮ್ಮವರು," ಎಂದು ಮುಖಂಡ ನೆರೆದವರಿಗೆ ಹೇಳಿದ. "ನಮ್ಮ ನಾಯಕರ ಕೆಲಸ ಭಾಳ ಮೆಚ್ಚಿದ್ರು."

ಬಾಗಿಲ ಬಳಿಯಿಂದ ಇನ್ನೊಂದು ಪಕ್ಷದವನೊಬ್ಬ, "ಯಾವಾಗ ಮೆಚ್ಚಿದ್ರೋ ಮಾರಾಯ, ಅವರು ನಮ್ಮ ಕಡಿ ಇದ್ರು," ಎಂದ. ಇಬ್ಬರ ನಡುವೆ ಮಾತು ಬೆಳೆಯಿತು. ಅಣ್ಣ ಕೈಕಟ್ಟಿಕೊಂಡು ನಿಂತಿದ್ದ.

ನಾನು ಹೆಂಗಸರ ನಡುವಿನಿಂದ ಎದ್ದೆ. ಶಲ್ಯ ತೆಗೆದೆ, ಮಡಚಿದೆ, ಮುಖಂಡನ ಕೈಗೆ ಕೊಟ್ಟೆ.

"ತಗೊಂಡ್ ಹೋಗ್ರಿ," ಎಂದೆ. "ಆ ಫೋಟೊನೂ ಅಳಿಸ್ರಿ. ಇವರು ಯಾರಿಗೆ ವೋಟು ಹಾಕ್ಯಾರ ಅಂತ ನಿಮಗೂ ಗೊತ್ತಿಲ್ಲ, ಆ ಬಾಗಿಲದಾಗ ನಿಂತವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಾಯಿ ಇದ್ದಾಗ ಹೇಳಲಾರದ್ದನ್ನ ಈಗ ಇವರ ಬಾಯಾಗ ಇಡಬ್ಯಾಡ್ರಿ."

"ನೀ ಯಾರವ್ವ ಹೇಳಾಕಿ?"

"ಇವರ ಕೂಡ ಊರೂರು ತಿರುಗಿದಾಕಿ."

ಅವನು ಸುತ್ತ ನೋಡಿದ. ಯಾರಾದರೂ ನನಗೆ ಬುದ್ಧಿ ಹೇಳುತ್ತಾರೆಂದು ಕಾದನೋ ಏನೋ. ಭಜನೆಯ ಹಿರಿಯ ಚಹಾದ ಲೋಟ ಕೆಳಗಿಟ್ಟು, "ಕೊಟ್ಟಾಳ, ತಗೋರಿ," ಎಂದ. ಮುಖಂಡ ಶಲ್ಯ ಬಗಲಲ್ಲಿ ಹಿಡಿದುಕೊಂಡು ಹೊರಟ. ಅವನ ಜೊತೆಯವನು ಬಾಗಿಲಲ್ಲಿ ನಿಂತು, ನಾನು ನೋಡುತ್ತಿರುವಂತೆಯೇ ಫೋಟೊ ಅಳಿಸಿದ.

ನಾನು ಅಕ್ಕೋರ ಹೆಗಲಿನ ಸೆರಗು ಸರಿಮಾಡಿ ಅವರ ಪಕ್ಕದಲ್ಲೇ ಕುಳಿತೆ. ಅಷ್ಟು ಮಂದಿ ಗಂಡಸರ ಎದುರು ನಾನು ದನಿ ಎತ್ತಿ ಮಾತಾಡಿದ್ದು ಅದೇ ಮೊದಲು. ಭಜನೆಯ ತಾಳ ಮತ್ತೆ ಶುರುವಾಯಿತು.