ಗೋಡೆಯ ಕೆಂಪು ಹೂವು

ಮೊದಲು ಮಾಸಿದ್ದು ಗೋಡೆಯ ಹೂವು.

ನನಗೆ ಟಿ.ಬಿ. ಎಂದು ಗೊತ್ತಾದ ಮೇಲೆ ಮುಳಬಾಗಿಲಿನ ನಮ್ಮ ಮನೆಯ ಒಳಕೋಣೆಯಲ್ಲಿ ಮಂಚ ಹಾಕಿಕೊಟ್ಟಿದ್ದರು. ಲಾರಿ ಓಡಿಸುವ ನನ್ನ ಗಂಡ ಮದ್ರಾಸಿನಿಂದ ಒಂದು ಸುರುಳಿ ವಾಲ್‌ಪೇಪರ್ ತಂದು, ಮೈದಾ ಅಂಟು ಕಾಯಿಸಿ, ಎದುರು ಗೋಡೆಗೆ ಅಂಟಿಸಿದರು. ಹಸಿರು ಎಲೆ, ಕೆಂಪು ಹೂವು. ನಮ್ಮ ಬೀದಿಯಲ್ಲಿ ಯಾರ ಮನೆಗೂ ಇಲ್ಲದ ವೈಭವ. ಅತ್ತೆಗೆ ಹಿಡಿಸಲಿಲ್ಲ.

"ರಕ್ತ ಕೆಮ್ಮೋಳ ಎದುರಿಗೆ ಕೆಂಪು ಯಾಕ್ಲಾ ಬೇಕಿತ್ತು?"

"ಕುಂಕುಮಾನೂ ಕೆಂಪೇ ಅಲ್ವೇನಮ್ಮಾ," ಎಂದು ಗಂಡ ಬಾಯಿ ಮುಚ್ಚಿಸಿದರು.

ಕೆಲವು ತಿಂಗಳಲ್ಲಿ ಹೂವು ಎಲೆಯೊಳಗೆ ಕರಗಿಹೋಯಿತು. ಎಲ್ಲ ಒಂದೇ ಮಾಸಲು ಕಂದು. "ಬಣ್ಣ ಬಿಡೋ ಕಾಗದ ಕೊಟ್ಟು ಚೆನ್ನಾಗಿ ಯಾಮಾರ್ಸಿದಾರೆ ನಿಮ್ಮನ್ನ," ಎಂದು ಛೇಡಿಸಿದೆ. ಅವರು ಗೋಡೆ ಸವರಿ, "ಚೆನ್ನಾಗೇ ಐತಲ್ಲೇ," ಎಂದರು. ತಾನು ಮೋಸಹೋದೆ ಎಂದು ಒಪ್ಪುವ ಗಂಡಸು ಎಲ್ಲಿದ್ದಾನೆ?

ಅದೇ ವಾರ ಒಂದು ಸಂತೋಷ. ಉಗುಳುವ ಬಟ್ಟಲಿನಲ್ಲಿ ರಕ್ತ ಕಾಣದಾಯಿತು. ದಿನಾ ಎದ್ದು ನಾನು ಮೊದಲು ನೋಡುತ್ತಿದ್ದದ್ದು ಅದನ್ನೇ. ಬದುಕುತ್ತೇನೋ ಇಲ್ಲವೋ ಎಂದು ಹೇಳಲು ನನಗಿದ್ದದ್ದು ಆ ಒಂದು ಬಣ್ಣ. "ಅತ್ತೆ, ರಕ್ತ ನಿಂತೋಯ್ತು!" ಎಂದು ಕೂಗಿದೆ.

ಬಟ್ಟಲು ತೊಳೆಯಲು ಬಂದ ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಗಾಬರಿಯಾದರೆ ಅವರಿಗೆ ತೆಲುಗೇ ಬರುವುದು.

"ರಕ್ತಮೇ ಕದಾ ಇದಿ!"

ರಕ್ತ ನಿಂತಿರಲಿಲ್ಲ. ನನಗೆ ಕೆಂಪು ಕಾಣುತ್ತಿರಲಿಲ್ಲ.

ಮಾರನೇ ದಿನ ಕೋಲಾರದಲ್ಲಿ ಡಾಕ್ಟರ್ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿದರು. ಅದರಲ್ಲಿ ಅಂಕಿಗಳಿವೆಯಂತೆ; ನನಗೆ ಬರೀ ಚುಕ್ಕಿ. ಟಿ.ಬಿ.ಗೆಂದು ನಾನು ನುಂಗುತ್ತಿದ್ದ ಎಥಾಂಬುಟಾಲ್ ಮಾತ್ರೆ ಕೆಲವರ ಕಣ್ಣಿನ ನರಕ್ಕೆ ಆಗಿಬರುವುದಿಲ್ಲ ಎಂದು ಅದನ್ನು ನಿಲ್ಲಿಸಿ, ಇಂಜೆಕ್ಷನ್ ಬರೆದರು.

"ಕಣ್ಣು ಸರಿಹೋಗುತ್ತಾ ಡಾಕ್ಟ್ರೇ?"

"ಸಾಮಾನ್ಯವಾಗಿ ಸರಿಹೋಗುತ್ತೆ. ಕಾಯಬೇಕು."

ಬಣ್ಣಗಳು ಮನೆಯಲ್ಲಿ ಎಷ್ಟು ಕೆಲಸ ಮಾಡುತ್ತಿದ್ದವೆಂದು ಆಗ ತಿಳಿಯಿತು. ಟೊಮೇಟೊ ಹಣ್ಣೋ ಕಾಯೋ, ಒತ್ತಿ ನೋಡಬೇಕು. ತೊಡಿಸಿದ ಬಳೆ ಹಸಿರೆಂದು ಬಳೆಗಾರ್ತಿಯ ಮಾತು ನಂಬಬೇಕು. ಬಟ್ಟಲು ನೋಡಿ ಅತ್ತೆ, "ಏನಿಲ್ಲ, ಮಲಕ್ಕೊ," ಎನ್ನುತ್ತಿದ್ದರು. ನಿಜವೋ, ನನ್ನ ಸಮಾಧಾನಕ್ಕೋ? ಅವರ ಗಡಸು ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ನನಗೆ ತುಂಬಾ ಭಯವಾಗುತ್ತಿತ್ತು.

ಮಾವಿನ ಕಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಕಿಟಕಿ ಪಕ್ಕದ ಹೂವೊಂದು ಎಲೆಯಿಂದ ಬೇರೆಯಾಗಿ ಕಂಡಿತು. ಪೂರ್ತಿ ಕೆಂಪಲ್ಲ, ಇಟ್ಟಿಗೆ ಬಣ್ಣ. ಆಮೇಲೆ ಒಂದೊಂದೇ ಮರಳಿದವು. ಸಂಜೆ ಬೆಳಕಿನಲ್ಲಿ ಈಗಲೂ ಮಂಕಾಗುತ್ತವೆ. ಇಷ್ಟೇ ಉಳಿದರೂ ಸಾಕು. "ಯಾಮಾರಿದ್ದು ಯಾರೇ?" ಎಂದು ಗಂಡ ದಿನಾ ಕೇಳುತ್ತಾರೆ. ಕೇಳಲಿ.

ಮೊನ್ನೆ ಅತ್ತೆ ಬಟ್ಟಲನ್ನು ನನ್ನ ಮುಂದೆಯೇ ಹಿಡಿದರು. "ನೀನೇ ನೋಡ್ಕೊಳೇ."

ಮೊದಲು ಗೋಡೆ ನೋಡಿದೆ. ಹೂವು ಕೆಂಪಗಿತ್ತು.

ಆಮೇಲೆ ಬಟ್ಟಲು ನೋಡಿದೆ. ಅದರಲ್ಲಿ ಕೆಂಪು ಇರಲಿಲ್ಲ.